ಬಿಳಿ ಹಲ್ಲಿಗೆ ಮೊದಲು ಗಟ್ಟಿ ವಸಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಹಲ್ಲಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ವಸಡಿನ ಬಗ್ಗೆ ಹೇಳುತ್ತೇನೆ. ಕಾರಣ ನಿಮಗೆಲ್ಲ ಗೊತ್ತು. ನಮ್ಮ ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅಂಥ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ನಿಲ್ಲುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಹತ್ತನೇ ತರಗತಿಯ ಫೋಟೊದಲ್ಲಿ ಬಾಯಿಬಿಟ್ಟು ನಕ್ಕವರೇ ಕಡಿಮೆ.

ನಾನು ಮದುವೆಗೆ ಮುಂಚೆ ಮೇಲಿನ ನಾಲ್ಕು ಹಲ್ಲಿಗೆ ವೆನಿಯರ್ ಹಾಕಿಸಿಕೊಂಡೆ. ಅಂದಿನಿಂದ ಊರಿನ ಹುಡುಗರು ಫೋನ್ ಮಾಡಿ, "ಅಣ್ಣ, ನಾವೂ ಹಾಕಿಸ್ಕೋಬಹುದಾ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಹೇಳುತ್ತೇನೆ.

ವೆನಿಯರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಹಾಳೆ. ದಪ್ಪ ಸುಮಾರು 0.3ರಿಂದ 0.7 ಮಿಲಿಮೀಟರ್. ಹಾಲಿವುಡ್ ನಟರಿಗೆ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಇಂಥದ್ದನ್ನು ಮೊದಲು ಮಾಡಿದಾಗ, ಶೂಟಿಂಗ್ ಮುಗಿದ ಮೇಲೆ ಅದನ್ನು ತೆಗೆದಿಡುತ್ತಿದ್ದರಂತೆ. ಈಗಿನದು ಹಾಗಲ್ಲ. ಸಾಮಾನ್ಯವಾಗಿ ಹಲ್ಲಿನ ಎನಾಮಲ್ಲನ್ನು ಸ್ವಲ್ಪ ಉಜ್ಜಿ ತೆಗೆದು ಗಟ್ಟಿಯಾಗಿ ಅಂಟಿಸುತ್ತಾರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಪಿಂಗಾಣಿಯಿಂದ ವಸಡು ಕೆಡುತ್ತದೆಯೇ? ಪಿಂಗಾಣಿಯ ತಪ್ಪೇನಿಲ್ಲ. ನುಣುಪಾಗಿರುವುದರಿಂದ ಅದರ ಮೇಲೆ ಪಾಚಿ ಕಟ್ಟುವುದು ಕಡಿಮೆ. ತೊಂದರೆ ಬರುವುದು ಅಂಚಿನಲ್ಲಿ. ಬಚ್ಚಲುಮನೆಗೆ ಟೈಲ್ಸ್ ಹಾಕಿದಾಗ ನೀರು ಇಳಿಯುವುದು ಟೈಲ್ಸಿನಿಂದಲ್ಲ, ಸಂದಿಯಿಂದ. ಇದೂ ಅಷ್ಟೇ. ಹಾಳೆಯ ಅಂಚು ಹಲ್ಲಿಗಿಂತ ಉಬ್ಬಿದ್ದರೆ, ಅಂಟಿನ ಚೂರು ವಸಡಿನ ಕೆಳಗೆ ಉಳಿದರೆ, ಅಂಚನ್ನು ವಸಡಿನೊಳಕ್ಕೆ ತೀರಾ ಆಳಕ್ಕೆ ಇಳಿಸಿದ್ದರೆ, ಅಲ್ಲಿ ಪಾಚಿ ಕೂರುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಉಜ್ಜಿದಾಗ ರಕ್ತ ಬರುತ್ತದೆ. ಹಾಗೇ ಬಿಟ್ಟರೆ ವಸಡು ಮೇಲೆ ಸರಿದು, ಮುಚ್ಚಿದ್ದ ಅಂಚು ಗೆರೆಯಾಗಿ ಕಾಣುತ್ತದೆ.

ನನಗೂ ಒಂದು ಹಲ್ಲಿನಲ್ಲಿ ಹೀಗಾಯಿತು. ಹಾಕಿದವರು "ಅಭ್ಯಾಸ ಆಗುತ್ತೆ" ಅಂದರು. ಐದು ತಿಂಗಳ ನಂತರ ಬೇರೆ ವೈದ್ಯರು ನೋಡಿ, ವಸಡಿನಡಿ ಉಳಿದಿದ್ದ ಅಂಟನ್ನು ಕೆರೆದು ತೆಗೆದರು. ಎರಡು ವಾರದಲ್ಲಿ ರಕ್ತ ನಿಂತಿತು. ರಕ್ತ ಬರುವುದು ಅಭ್ಯಾಸ ಆಗುವಂಥದ್ದಲ್ಲ.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಮೊದಲು ವಸಡು ನೋಡಿಸಿಕೊಳ್ಳಿ. ರಕ್ತ ಬರುವ ವಸಡಿನ ಪಕ್ಕ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಲ್ಲು ಕ್ಲೀನ್ ಮಾಡಿಸಿ, ವಸಡು ವಾಸಿಯಾದ ಮೇಲೆಯೇ ಮುಂದಿನ ಮಾತು. ಕಲೆ ತಿಳಿಯಾಗಿದ್ದರೆ ಮೇಲ್ಪದರವನ್ನು ತುಸು ತೀಡುವುದು ಅಥವಾ ಬ್ಲೀಚ್ ಮಾಡುವುದೇ ಸಾಕಾಗಬಹುದು, ಕೇಳಿ. "ಅಂಚು ಎಲ್ಲಿ ನಿಲ್ಲುತ್ತದೆ, ಎಷ್ಟು ಎನಾಮಲ್ ಹೋಗುತ್ತದೆ?" ಎಂದೂ ಕೇಳಿ. ಕೇಳಲು ಸಂಕೋಚ ಬೇಡ. ಹಾಕಿಸಿಕೊಂಡ ಮೇಲೆ ದಿನಕ್ಕೆ ಎರಡು ಸಲ ಮೃದು ಬ್ರಷ್‌ನಿಂದ ಉಜ್ಜಿ, ಹಲ್ಲಿನ ಸಂದಿಯಲ್ಲಿ ದಾರ ಆಡಿಸಿ, ಆರು ತಿಂಗಳಿಗೊಮ್ಮೆ ತೋರಿಸಿ. ಗುಟ್ಕಾ, ಬೀಡಿ ಬಿಡದವರಿಗೆ ಇದೆಲ್ಲ ದಂಡ.

ಇನ್ನು ದೊಡ್ಡವರಿಗೆ ಒಂದು ವಿನಂತಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗ ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಯ ನೀರನ್ನು ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸಲಿ. ಆ ಖರ್ಚಿನಲ್ಲಿ ನನ್ನ ಪಾಲು ಇದ್ದೇ ಇರುತ್ತದೆ. ಇಂದು ಅಂಗನವಾಡಿಯಲ್ಲಿರುವ ಮಗು ಈ ಶಾಲೆಗೆ ಬರುವ ಹೊತ್ತಿಗೆ ಅದಕ್ಕೆ ಪಿಂಗಾಣಿಯ ಅಗತ್ಯವೇ ಬೀಳದಿರಲಿ.