‘ಗಿಂತ’ ಮತ್ತು ‘ದ್ಯಾನ್’

‘ಮೋರ್ ಬೆಟರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂಗ್ಲಿಷ್ ಬಲ್ಲವರ ಮುಖದಲ್ಲಿ ಕಿರುನಗೆಯೊಂದು ಸುಳಿಯುತ್ತದೆ. ಆಡಿದವನು ಕನ್ನಡ ಶಾಲೆಯಿಂದ ಬಂದ ಹುಡುಗನಾದರೆ ಆ ನಗೆ ಅವನ ನಾಲಗೆಯನ್ನೇ ಕಟ್ಟಿಹಾಕಬಹುದು. ನಗುವುದಕ್ಕೆ ಮೊದಲು ತಪ್ಪಿನ ಮೂಲವನ್ನು ವಿಚಾರಿಸುವುದು ಉಚಿತವಲ್ಲವೇ?

ಕನ್ನಡದಲ್ಲಿ ಹೋಲಿಕೆಯ ಭಾರವನ್ನು ಗುಣವಾಚಕ ಹೊರುವುದಿಲ್ಲ. ‘ಚಾಮುಂಡಿ ಬೆಟ್ಟ ಎತ್ತರ’ ಎನ್ನುತ್ತೇವೆ. ‘ಚಾಮುಂಡಿ ಬೆಟ್ಟಕ್ಕಿಂತ ಮುಳ್ಳಯ್ಯನಗಿರಿ ಎತ್ತರ’ ಎನ್ನುತ್ತೇವೆ. ‘ಕರ್ನಾಟಕದ ಬೆಟ್ಟಗಳಲ್ಲೆಲ್ಲ ಮುಳ್ಳಯ್ಯನಗಿರಿಯೇ ಎತ್ತರ’ ಎಂದೂ ಹೇಳುತ್ತೇವೆ. ಮೂರು ವಾಕ್ಯಗಳಲ್ಲಿಯೂ ‘ಎತ್ತರ’ ಎಂಬ ಶಬ್ದ ಕದಲಲಿಲ್ಲ. ‘ಬೆಟ್ಟಕ್ಕೆ’ ಎಂಬ ಚತುರ್ಥಿಗೆ ‘ಇಂತ’ ಸೇರಿದೊಡನೆ ಹೋಲಿಕೆ ಸಿದ್ಧವಾಯಿತು.

ಇಂಗ್ಲಿಷಿನ ರೀತಿ ಬೇರೆ. ಅಲ್ಲಿ ‘ದ್ಯಾನ್’ ಒಂದೇ ಸಾಲದು. ಗುಣವಾಚಕವೂ ರೂಪ ಬದಲಿಸಬೇಕು. ‘ಹೈ’ ಎಂಬಂಥ ಚಿಕ್ಕ ಶಬ್ದ ‘ಹೈಯರ್’ ಆಗುತ್ತದೆ. ‘ಬ್ಯೂಟಿಫುಲ್’ ಎಂಬಂಥ ದೀರ್ಘ ಶಬ್ದ ಮುಂದೆ ‘ಮೋರ್’ ಬೇಡುತ್ತದೆ. ಎರಡರಲ್ಲಿ ಒಂದು ಸಾಕು, ಎರಡೂ ಕೂಡದು. ನಮ್ಮ ಹುಡುಗ ‘ಇನ್ನೂ ಒಳ್ಳೆಯದು’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಇನ್ನೂ’ ಎಂಬುದಕ್ಕೆ ‘ಮೋರ್’ ಎಂದೂ ‘ಒಳ್ಳೆಯದು’ ಎಂಬುದಕ್ಕೆ ‘ಬೆಟರ್’ ಎಂದೂ ಜೋಡಿಸುತ್ತಾನೆ. ಒತ್ತು ಬೇಕಾದರೆ ‘ಮಚ್ ಬೆಟರ್’ ಎನ್ನಬಹುದೆಂದು ಅವನಿಗೆ ಯಾರಾದರೂ ಹೇಳಬೇಕು. ಕಚೇರಿಗಳಲ್ಲಿ ಕೇಳಿಬರುವ ‘ಸೀನಿಯರ್ ದ್ಯಾನ್’ ಕೂಡ ‘ಗಿಂತ’ದ ನೆರಳೇ. ‘ಸೀನಿಯರ್’, ‘ಜೂನಿಯರ್’ ಲ್ಯಾಟಿನ್ನಿನಿಂದ ಬಂದ ತರರೂಪಗಳು. ಅವುಗಳ ಜೊತೆಗಾರ ‘ಟು’.

ಇಂಥ ಇಮ್ಮಡಿ ಪ್ರಯೋಗ ಇಂಗ್ಲಿಷರಿಗೇನೂ ಅಪರಿಚಿತವಲ್ಲ. ಷೇಕ್ಸ್‌ಪಿಯರ್ ‘ಜೂಲಿಯಸ್ ಸೀಸರ್’ ನಾಟಕದಲ್ಲಿಯೇ ತಮರೂಪವನ್ನು ಇಮ್ಮಡಿಸಿದ್ದಾನೆ. 1762ರಲ್ಲಿ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಇದನ್ನು ಅಸಾಧುವೆಂದ. ಇಂದಿನ ಶಿಷ್ಟ ಬರವಣಿಗೆ ಆ ಕಟ್ಟಳೆಯನ್ನೇ ಪಾಲಿಸುತ್ತಿರುವುದರಿಂದ ನಾವೂ ಪಾಲಿಸಬೇಕು. ಆದರೆ ಅದನ್ನು ಬುದ್ಧಿಯ ಅಳತೆಗೋಲಾಗಿಸಬಾರದು. ಸಂಸ್ಕೃತದಲ್ಲಿ ‘ಶ್ರೇಷ್ಠ’ ಎಂಬುದೇ ತಮರೂಪ. ಆದರೂ ನಮ್ಮ ವೇದಿಕೆಗಳಲ್ಲಿ ‘ಅತ್ಯಂತ ಶ್ರೇಷ್ಠ’ವೂ ‘ಶ್ರೇಷ್ಠತಮ’ವೂ ಮೊಳಗುತ್ತಲೇ ಇವೆ, ಯಾರೂ ನಗುವುದಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಕರಿಹಲಗೆಯ ಮೇಲೆ ಕನ್ನಡದ ವಾಕ್ಯವನ್ನೂ ಇಂಗ್ಲಿಷಿನ ವಾಕ್ಯವನ್ನೂ ಅಕ್ಕಪಕ್ಕದಲ್ಲಿ ಬರೆಯಿರಿ. ಯಾವ ಭಾಷೆಯಲ್ಲಿ ಯಾವ ಪದ ಬದಲಾಯಿತೆಂದು ಮಕ್ಕಳೇ ಗುರುತಿಸಲಿ. ತನ್ನ ನುಡಿಯ ನಡೆಯನ್ನು ಅರಿತ ಮಗು ಪರನುಡಿಯ ನಡೆಯನ್ನು ಅಂಜದೆ ಕಲಿತೀತು.