ಹಳೇ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಾಕ್ಸ್: ಹಾಕಿಸ್ಬೇಕಾ, ಬೇಡ್ವಾ?

 

ಹಾಸನದಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ತಂದೆ ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ ಮನೇಲಿದೆ. ಎರಡು ತಿಂಗಳು ನಿಲ್ಲಿಸಿದ್ರೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಶಿರಾಡಿ ಘಾಟ್ ಹತ್ತುವಾಗ ಜರ್ಕ್ ಹೊಡೆಯುತ್ತೆ. 'ಪಾಯಿಂಟ್ಸ್ ಕಿತ್ತು ಎಲೆಕ್ಟ್ರಾನಿಕ್ ಬಾಕ್ಸ್ ಹಾಕ್ಸಿ, ಎಲ್ಲ ಸರಿಹೋಗುತ್ತೆ ಅಂತಾರೆ. ಹಾಕಿಸ್ಲಾ? ಇಲ್ಲಾಂದ್ರೆ ಅಮ್ಮ ಗಾಡಿ ಮಾರಿಬಿಡು ಅಂತಿದ್ದಾರೆ.' ಇದು ಅವರ ಪ್ರಶ್ನೆ.

ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಓದಿದವನು. ಆದ್ರೆ ದುಡ್ಡು ಕೊಟ್ರೆ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋ ಲೆಕ್ಕ ಹಾಕೋಕೆ ಬರುತ್ತೆ. ಅದನ್ನೇ ಇವತ್ತು ಮಾಡೋಣ.

ಮೊದಲು ಪಾಯಿಂಟ್ಸ್ ಅಂದ್ರೇನು? ಡಿಸ್ಟ್ರಿಬ್ಯೂಟರ್ ಒಳಗಿರೋ ಒಂದು ಪುಟ್ಟ ಸ್ವಿಚ್. ಅದು ಮುಚ್ಚಿದಾಗ ಕಾಯಿಲ್‌ನಲ್ಲಿ ಕರೆಂಟ್ ತುಂಬುತ್ತೆ. ತೆರೆದ ಕ್ಷಣಕ್ಕೆ ಕಾಯಿಲ್‌ನಿಂದ ಸಾವಿರಾರು ವೋಲ್ಟ್ ಹೊರಟು ಪ್ಲಗ್‌ನಲ್ಲಿ ಕಿಡಿ ಹಾರುತ್ತೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ ವ್ಯವಸ್ಥೆ ಇದು. ಆರೇಳು ದಶಕ ಜಗತ್ತಿನ ಕಾರುಗಳು ಇದರ ಮೇಲೇ ಓಡಿದವು. 1973ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ಎಲೆಕ್ಟ್ರಾನಿಕ್ ಇಗ್ನಿಷನ್ ಅನ್ನು ತನ್ನ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಕೊಡೋಕೆ ಶುರುಮಾಡ್ತು.

ಪಾಯಿಂಟ್ಸ್‌ಗೆ ಕಾಯಿಲೆ ಎರಡು. ಒಂದು, ಕರೆಂಟ್ ಹಾದು ಹಾದು ಅದರ ಮುಖ ಸುಟ್ಟು ಗುಳಿ ಬೀಳುತ್ತೆ. ಎರಡು, ತಿರುಗೋ ಕ್ಯಾಮ್‌ಗೆ ಉಜ್ಜುವ ಅದರ ಹಿಮ್ಮಡಿ ಸವೆಯುತ್ತೆ. ಹಿಮ್ಮಡಿ ಸವೆದ್ರೆ ಗ್ಯಾಪ್ ಕಮ್ಮಿಯಾಗುತ್ತೆ, ಪಾಯಿಂಟ್ಸ್ ತಡವಾಗಿ ತೆರೆಯುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ, ಎಳೆತ ಕುಗ್ಗುತ್ತೆ. ಜೊತೆಗೆ ಗಾಡಿ ತಿಂಗಳುಗಟ್ಟಲೆ ನಿಂತ್ರೆ ಪಾಯಿಂಟ್ಸ್ ಮೇಲೆ ಕಿಲುಬಿನ ಪೊರೆ ಕಟ್ಟುತ್ತೆ. ನಮ್ಮ ಹಾಸನದ ಗೆಳೆಯರ ಸ್ಟಾರ್ಟಿಂಗ್ ತೊಂದರೆಗೆ ಇದೇ ಕಾರಣ ಇರಬಹುದು.

ಈಗ ಬಾಕ್ಸ್. ಮಾರ್ಕೆಟ್‌ನಲ್ಲಿ ಮುಖ್ಯವಾಗಿ ಮೂರು ಥರ. ಮೊದಲನೇದು ಪಾಯಿಂಟ್ಸ್ ಉಳಿಸಿಕೊಂಡು ಅದರ ಹೊರೆ ಮಾತ್ರ ಇಳಿಸುತ್ತೆ. ದೊಡ್ಡ ಕರೆಂಟನ್ನ ಟ್ರಾನ್ಸಿಸ್ಟರ್ ಹೊರುತ್ತೆ, ಪಾಯಿಂಟ್ಸ್ ಬರೀ ಸಿಗ್ನಲ್ ಕೊಡುತ್ತೆ. ಸುಡೋದು ನಿಲ್ಲುತ್ತೆ, ಹಿಮ್ಮಡಿ ಸವೆಯೋದು ನಿಲ್ಲಲ್ಲ. ಎರಡನೇದು ಪಾಯಿಂಟ್ಸ್ ಜಾಗಕ್ಕೇ ಸೆನ್ಸರ್ ಕೂರಿಸೋದು. ಪರ್ಟ್ರೋನಿಕ್ಸ್ ಥರದವು ಆಯಸ್ಕಾಂತದ ಉಂಗುರ ಬಳಸ್ತವೆ. ಉಜ್ಜೋ ಭಾಗವೇ ಇಲ್ಲ, ಸವೆತವೂ ಇಲ್ಲ. ಮೂರನೇದು ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸೋದು. ನೆದರ್‌ಲ್ಯಾಂಡ್ಸ್‌ನ 123 ಇಗ್ನಿಷನ್ ಈ ಜಾತಿಯದು. ಬೆಲೆಯಲ್ಲಿ ಸಾಮಾನ್ಯವಾಗಿ ಇದೇ ಹೆಚ್ಚು.

'ಪವರ್ ಜಾಸ್ತಿಯಾಗುತ್ತೆ' ಅಂತಾರಲ್ಲ, ಅದು ನಿಜವಾ? ಪದ್ಮಿನಿದು 1089 ಸಿಸಿ, ಪೆಟ್ರೋಲ್ ಅಂಬಾಸಿಡರ್‌ದು 1489 ಸಿಸಿ, ಎರಡೂ ನಾಲ್ಕು ಸಿಲಿಂಡರ್ ಇಂಜಿನ್. ನಿಮಿಷಕ್ಕೆ 3000 ಸುತ್ತಿನಲ್ಲಿ ಇಂಥ ಇಂಜಿನ್‌ಗೆ ಸೆಕೆಂಡಿಗೆ 100 ಕಿಡಿ ಸಾಕು. ಕಾಯಿಲ್ ತುಂಬೋಕೆ ಪಾಯಿಂಟ್ಸ್‌ಗೆ ಬೇಕಾದಷ್ಟು ಸಮಯ ಸಿಗುತ್ತೆ. ಎಂಟು ಸಿಲಿಂಡರ್‌ನ ಅಮೆರಿಕನ್ ಇಂಜಿನ್ 6000 ಸುತ್ತು ಹೊಡೆದ್ರೆ ಸೆಕೆಂಡಿಗೆ 400 ಕಿಡಿ ಬೇಕು, ಅಲ್ಲಿ ಪಾಯಿಂಟ್ಸ್ ಏದುಸಿರು ಬಿಡುತ್ತೆ. ಬಾಕ್ಸ್‌ನ ಜಾಹೀರಾತಿನ ಮಾತುಗಳು ಹುಟ್ಟಿದ್ದು ಅಂಥ ಇಂಜಿನ್‌ಗಳಿಗೆ. ಸರಿಯಾಗಿ ಟ್ಯೂನ್ ಆಗಿರೋ ಪದ್ಮಿನಿಯಲ್ಲಿ ಕಿಡಿ ದೊಡ್ಡದಾದ ಮಾತ್ರಕ್ಕೆ ಎಳೆತ ಹೆಚ್ಚಲ್ಲ. ಒಲೆ ಒಂದು ಕಡ್ಡೀಲಿ ಹೊತ್ತಿಕೊಳ್ತು ಅಂದ್ರೆ, ಹತ್ತು ಕಡ್ಡಿ ಗೀರಿದ್ರೂ ಅನ್ನ ಬೇಗ ಬೇಯಲ್ಲ ಅಲ್ವಾ?

ಇನ್ನು ನನ್ನ ಸಬ್ಜೆಕ್ಟ್, ಲೆಕ್ಕ. ಪಾಯಿಂಟ್ಸ್‌ನ ಸುಮಾರು 5000 ಕಿಲೋಮೀಟರ್‌ಗೊಮ್ಮೆ ನೋಡಿ ಸರಿಮಾಡ್ಬೇಕು ಅಂತಿಟ್ಕೊಳ್ಳಿ. ನೀವು ವರ್ಷಕ್ಕೆ ಓಡಿಸೋದು 1500. ಅಂದ್ರೆ ಕಿಲೋಮೀಟರ್ ಲೆಕ್ಕದಲ್ಲಿ ಮೂರು ವರ್ಷಕ್ಕೊಮ್ಮೆ ಅರ್ಧ ಗಂಟೆ ಕೆಲಸ. ಮೇಂಟೆನೆನ್ಸ್ ಉಳಿತಾಯದಿಂದಲೇ ಬಾಕ್ಸ್‌ನ ದುಡ್ಡು ವಾಪಸ್ ಬರೋದು ಕಷ್ಟ. ದಿನಾ ಓಡಿಸೋರಿಗೆ ಲೆಕ್ಕ ಬೇರೆ. ನೀವು ನಿಜವಾಗಿ ದುಡ್ಡು ಕೊಡೋದು ನೆಮ್ಮದಿಗೆ: ತಿಂಗಳುಗಟ್ಟಲೆ ನಿಂತ ಗಾಡಿ ಸುಲಭವಾಗಿ ಸ್ಟಾರ್ಟ್ ಆಗಲಿ, ಟೈಮಿಂಗ್ ಜಾರದೇ ಇರಲಿ ಅನ್ನೋದಕ್ಕೆ. ಅದಕ್ಕೂ ಬೆಲೆಯಿದೆ. ಆದ್ರೆ ಅದನ್ನ ಪವರ್ ಅಂತ ಕರೀಬೇಡಿ.

ನೆಮ್ಮದಿಗೂ ಒಂದು ಷರತ್ತಿದೆ. ಪಾಯಿಂಟ್ಸ್ ಕೆಡೋವಾಗ ಸಾಮಾನ್ಯವಾಗಿ ಮೊದಲೇ ಗೊಣಗುತ್ತೆ. ದಾರಿಯಲ್ಲೇ ಸ್ಕ್ರೂಡ್ರೈವರ್, ಫೀಲರ್ ಗೇಜ್ ಇದ್ರೆ ಸರಿಮಾಡ್ಕೊಂಡು ಮನೆ ಸೇರಬಹುದು. ಬಾಕ್ಸ್ ಕೆಟ್ರೆ ಹೆಚ್ಚಿನ ಸಲ ಹೇಳದೇ ಕೇಳದೇ ಹೋಗುತ್ತೆ. ರಾತ್ರಿ, ಮಳೆ, ಹಿಂದಿನ ಸೀಟಲ್ಲಿ ಅಮ್ಮ. ಘಾಟಿ ಮಧ್ಯೆ ಅದನ್ನ ರಿಪೇರಿ ಮಾಡೋರು ಯಾರೂ ಸಿಗಲ್ಲ. ಹಾಗಾಗಿ ಹಾಕಿಸಿದ್ರೂ ಹಳೇ ಪಾಯಿಂಟ್ಸ್, ಕಂಡೆನ್ಸರ್, ಪ್ಲೇಟ್ ಎಲ್ಲವನ್ನೂ ಡಿಕ್ಕಿಯಲ್ಲಿಡಿ. ವಾಪಸ್ ಕೂರಿಸೋದನ್ನ ಒಂದ್ಸಲ ಮನೇಲೇ ಮಾಡಿ ನೋಡಿ.

ಬಾಕ್ಸ್ ಬಹಳಷ್ಟು ಸಲ ಕೆಡೋದು ಫಿಟ್ಟಿಂಗ್ ತಪ್ಪಿಂದ. ಮೂರು ವಿಷಯ ಕೇಳಿ: ನಿಮ್ಮ ಕಾಯಿಲ್‌ನ ರೆಸಿಸ್ಟೆನ್ಸ್ ಬಾಕ್ಸ್ ಕೇಳೋದಕ್ಕೆ ಹೊಂದುತ್ತಾ? ಪ್ಲಗ್ ವೈರ್‌ಗಳು ಸಪ್ರೆಷನ್ ಇರೋವಾ? ಗಾಡಿ ನೆಗೆಟಿವ್ ಅರ್ತ್ ತಾನೇ? ಹಳೇ ಬ್ರಿಟಿಷ್ ಕಾರುಗಳು ಎಷ್ಟೋ ಪಾಸಿಟಿವ್ ಅರ್ತ್. ವೈರ್ ಉಲ್ಟಾ ಕೊಟ್ರೆ ಒಂದೇ ಕ್ಷಣದಲ್ಲಿ ಬಾಕ್ಸ್ ಸತ್ತಂತೆ. ಇಂಜಿನ್ ಆಫ್ ಮಾಡಿ ಇಗ್ನಿಷನ್ ಆನ್‌ನಲ್ಲೇ ಬಿಡೋದೂ ಕೆಲವು ಮಾಡೆಲ್‌ಗಳಿಗೆ ವಿಷ.

ಹಾಗಾದ್ರೆ ಹಾಸನದ ಗೆಳೆಯರಿಗೆ ಉತ್ತರ? ಬಾಕ್ಸ್‌ಗಿಂತ ಮೊದಲು ಡಿಸ್ಟ್ರಿಬ್ಯೂಟರ್ ಬಿಚ್ಚಿಸಿ. ಶಾಫ್ಟ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಆಟ ಇದ್ರೆ ಬುಷ್ ಸವೆದಿದೆ. ಒಳಗಿನ ಅಡ್ವಾನ್ಸ್ ಸ್ಪ್ರಿಂಗ್, ವೇಯ್ಟ್‌ಗಳು ಸಲೀಸಾಗಿ ಆಡ್ತಾವಾ ನೋಡಿ. ವ್ಯಾಕ್ಯೂಮ್ ಪೈಪ್ ಇದ್ರೆ ಬಾಯಲ್ಲಿ ಎಳೆದಾಗ ಒಳಗಿನ ಪ್ಲೇಟ್ ಸರಿಯಬೇಕು. ಕ್ಯಾಪ್, ರೋಟರ್, ವೈರ್, ಆಮೇಲೆ ಕಾರ್ಬುರೇಟರ್, ಪೆಟ್ರೋಲ್ ಪಂಪ್ ನೋಡಿಸಿ. ಘಾಟಿಯ ಜರ್ಕ್ ಇವುಗಳಲ್ಲಿ ಯಾವುದರಿಂದಲೂ ಬರಬಹುದು, ಇವುಗಳಲ್ಲಿ ಒಂದನ್ನೂ ಸೆನ್ಸರ್ ಬಾಕ್ಸ್ ರಿಪೇರಿ ಮಾಡಲ್ಲ. ಹೊಸ ಪಾಯಿಂಟ್ಸ್, ಒಳ್ಳೇ ಕಂಡೆನ್ಸರ್ ಹಾಕಿ ಒಂದು ತಿಂಗಳು ಓಡಿಸಿ. ಆಗ ಜರ್ಕ್ ಹೋಗಿ ಸ್ಟಾರ್ಟಿಂಗ್ ತೊಂದರೆ ಮಾತ್ರ ಉಳಿದ್ರೆ, ಧಾರಾಳವಾಗಿ ಬಾಕ್ಸ್ ಹಾಕಿಸಿ, ದುಡ್ಡು ವ್ಯರ್ಥ ಆಗಲ್ಲ. ಗಾಡಿ ಮಾರೋ ಮಾತು ಅದಾದ ಮೇಲೆ ಇರಲಿ. ಅಮ್ಮನಿಗೂ ಹಾಗೇ ಹೇಳಿ.

ಇನ್ನೊಂದು ಮಾತು. ನಿಮ್ಮೂರಲ್ಲಿ ಕಿವಿಯಿಂದಲೇ ಟೈಮಿಂಗ್ ಹಿಡಿಯೋ ಹಿರಿಯ ಮೆಕ್ಯಾನಿಕ್ ಯಾರಾದ್ರೂ ಇದ್ರೆ, ಒಂದು ಭಾನುವಾರ ಅವರ ಪಕ್ಕ ನಿಂತು ಪಾಯಿಂಟ್ಸ್ ಸೆಟ್ ಮಾಡೋದನ್ನ ಕಲಿತುಬಿಡಿ. ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅವರನ್ನ ಕೇಳಿ. ಬಾಕ್ಸ್ ಯಾವಾಗ ಬೇಕಾದ್ರೂ ಆರ್ಡರ್ ಮಾಡಬಹುದು, ಅವರು ಯಾವಾಗಲೂ ಸಿಗಲ್ಲ.

ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.