ಕಾರ್ಡ್ ಇಲ್ಲದೆ ಮಗಳನ್ನ ಬಿಡದ ವಾಚ್‌ಮನ್

ಹೋದ ತಿಂಗಳು ಸನತ್‌ನಗರದಲ್ಲಿ ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋಕೆ ಹೋಗಿದ್ದೆ. ಕಾರ್ಡ್ ಮನೇಲೇ ಮರೆತಿದ್ದೆ. ಮಗಳು "ಅಪ್ಪಾ" ಅಂತ ಕೂಗಿದ್ರೂ ವಾಚ್‌ಮನ್ ಕಳಿಸಲಿಲ್ಲ. "ಕಾರ್ಡ್ ಲೇಕುಂಡಾ ಪಂಪನು ಸಾರ್" ಅಂದ್ರು. ನಾನು ರೇಗಾಡಿದೆ. ಮನೆಗೆ ಬಂದಮೇಲೆ ನಾಚಿಕೆ ಆಯ್ತು.

ಆದ್ರೆ ಗೇಟ್ ಕಾಯೋದಷ್ಟೇ ಸಾಕಾ? 2022ರ ಅಕ್ಟೋಬರ್‌ನಲ್ಲಿ ಇದೇ ಊರಿನ ಬಂಜಾರಾ ಹಿಲ್ಸ್‌ನ ಶಾಲೆಯೊಂದರ ಪ್ರಕರಣ ಬಯಲಾಯ್ತು. ನಾಲ್ಕು ವರ್ಷದ ಮಗುವಿನ ಮೇಲೆ ದೌರ್ಜನ್ಯ ಎಸಗಿದವನು ಹೊರಗಿನವನಲ್ಲ, ಪ್ರಿನ್ಸಿಪಾಲರ ಡ್ರೈವರ್. 2023ರಲ್ಲಿ ಅವನಿಗೆ 20 ವರ್ಷ ಶಿಕ್ಷೆ ಆಯ್ತು. ಅಂದ್ರೆ ಕಾವಲುಗಾರರ ಕಣ್ಣು ಒಳಗಡೆಗೂ ಇರಬೇಕು.

ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ಕೇಂದ್ರ ಮಾಡಿದ ಮಾದರಿ ನಿಯಮಗಳಲ್ಲಿ ಗಾರ್ಡ್‌ಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಅಂತಿದೆ. ಪೋಕ್ಸೋ ಕಾಯ್ದೆ ಪ್ರಕಾರ, ಇಂಥ ಕೃತ್ಯ ಗೊತ್ತಾದವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ವಾಚ್‌ಮನ್ ಕೂಡ. ಇದನ್ನ ಅವರಿಗೆ ಯಾರಾದ್ರೂ ಹೇಳಿದ್ದಾರಾ?

ಪೇರೆಂಟ್ಸ್ ಮೀಟಿಂಗ್‌ನಲ್ಲಿ ನಾವು ಮಾರ್ಕ್ಸ್ ಕೇಳ್ತೀವಿ, ಸ್ಮಾರ್ಟ್ ಕ್ಲಾಸ್ ಕೇಳ್ತೀವಿ. ಮುಂದಿನ ಸಲ ಇನ್ನೆರಡು ಪ್ರಶ್ನೆ ಕೇಳಿ: ಗಾರ್ಡ್‌ಗೆ ತರಬೇತಿ ಆಗಿದ್ಯಾ? ತನಗಿಂತ ಮೇಲಿನವರ ಮೇಲೆ ಅನುಮಾನ ಬಂದ್ರೆ, ಕೆಲಸ ಹೋಗುತ್ತೆ ಅನ್ನೋ ಭಯ ಇಲ್ಲದೆ ಅವರು ಯಾರಿಗೆ ಹೇಳಬೇಕು?

ಈಗ ನಾನು ದಿನಾ ಅವರು ಕೇಳೋ ಮುಂಚೆನೇ ಕಾರ್ಡ್ ತೋರಿಸ್ತೀನಿ.